ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಮಸಾಯಿ ಮ್ಯೂಸಿಯಂಗೆ ಕಡಿಮೆ ಖರ್ಚಿನ ಹಾದಿ

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಕೀನ್ಯಾ, ಟಾಂಜಾನಿಯಾದ್ದೇ ಜಾಸ್ತಿ. ಅವುಗಳಲ್ಲಿ ಅಲ್ಲಿನ ದನಗಾಹಿ ಮಸಾಯಿ ಜನರ ಬದುಕನ್ನು ಮ್ಯೂಸಿಯಂನಲ್ಲಿ ನೋಡಬೇಕು, ಆದರೆ ಕೈಯಲ್ಲಿರುವುದು ಇಷ್ಟೇ ದುಡ್ಡು ಎಂದವರ ಪ್ರಶ್ನೆಗಳನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಾವಿಬ್ಬರು ಸ್ನೇಹಿತರು. ಸಫಾರಿ ಪ್ಯಾಕೇಜಿನ ರೇಟು ಕೇಳಿಯೇ ತಲೆ ತಿರುಗಿತು. ಪ್ರಾಣಿಗಳಿಗಿಂತ ಮಸಾಯಿ ಸಂಸ್ಕೃತಿ ನೋಡುವ ಆಸೆ. ಯಾವ ಮ್ಯೂಸಿಯಂಗೆ ಹೋಗಬೇಕು? — ದಾವಣಗೆರೆಯ ಓದುಗರು

ಮ್ಯೂಸಿಯಂಗಿಂತ ಮೊದಲು ದೇಶವನ್ನು ಆರಿಸಿಕೊಳ್ಳಿ. ಮಸಾಯಿ ನಾಡು ಕೀನ್ಯಾದ ದಕ್ಷಿಣಕ್ಕೂ ಟಾಂಜಾನಿಯಾದ ಉತ್ತರಕ್ಕೂ ಹರಡಿಕೊಂಡಿದೆ, ನಡುವೆ ಗಡಿ. ಭಾರತೀಯರಿಗೆ ಕೀನ್ಯಾದ ಆನ್‌ಲೈನ್ ಪ್ರವೇಶ ಅನುಮತಿಗೆ 30 ಡಾಲರ್ (ಮೇಲೆ ಸ್ವಲ್ಪ ಸೇವಾ ಶುಲ್ಕ), ಟಾಂಜಾನಿಯಾದ ಇ-ವೀಸಾಕ್ಕೆ 50 ಡಾಲರ್. ಎರಡೂ ದೇಶ ಎಂದರೆ ಮ್ಯೂಸಿಯಂ ಬಾಗಿಲು ನೋಡುವ ಮೊದಲೇ ತಲಾ 80 ಡಾಲರ್ ಹೋಯಿತು. ‘ಪೂರ್ವ ಆಫ್ರಿಕ ಪ್ರವಾಸಿ ವೀಸಾ’ ತೆಗೆದುಕೊಂಡರೆ ಎರಡಕ್ಕೂ ಆಗುತ್ತದೆ ಎಂದು ಹಲವರು ನಂಬಿದ್ದಾರೆ. ಆಗುವುದಿಲ್ಲ. ಅದು ಕೀನ್ಯಾ, ಉಗಾಂಡಾ, ರುವಾಂಡಾ ಮೂರಕ್ಕೆ ಮಾತ್ರ. ಟಾಂಜಾನಿಯಾ ಅದರಲ್ಲಿ ಸೇರಿಲ್ಲ.

ಕೀನ್ಯಾ ಒಂದೇ ಸಾಕು ಎನ್ನುವುದಾದರೆ ಎರಡು ಜಾಗ. ಮೊದಲನೆಯದು ನೈರೋಬಿಯ ನ್ಯಾಷನಲ್ ಮ್ಯೂಸಿಯಂ. ಊರಿನ ನಡುಭಾಗದಿಂದ ಎರಡು ಕಿಲೋಮೀಟರ್ ಆಸುಪಾಸು, ಮ್ಯೂಸಿಯಂ ಹಿಲ್ ಎಂಬ ದಿಬ್ಬದ ಮೇಲಿದೆ. ವೆಸ್ಟ್‌ಲ್ಯಾಂಡ್ಸ್ ಕಡೆ ಹೋಗುವ ಮಟಾಟು (ನಮ್ಮ ಟೆಂಪೋ ಥರದ್ದು) ಹತ್ತಿ ‘ಮ್ಯೂಸಿಯಂ ಹಿಲ್’ ಎಂದರೆ ಇಳಿಸುತ್ತಾರೆ. ಬೆಳಿಗ್ಗೆ 8.30ರಿಂದ ಸಂಜೆ 5.30. ಇಲ್ಲಿ ಮಸಾಯಿಗಳಿಗಷ್ಟೇ ಮೀಸಲಾದ ವಿಭಾಗ ಹುಡುಕಬೇಡಿ. ಹುಟ್ಟು, ಪ್ರಾಯ, ಮದುವೆ, ಮುಪ್ಪು ಎಂಬ ಹಂತಗಳ ಪ್ರಕಾರ ಕೀನ್ಯಾದ ಎಲ್ಲ ಜನಾಂಗಗಳ ವಸ್ತುಗಳನ್ನೂ ಬೆರೆಸಿ ಜೋಡಿಸಿದ್ದಾರೆ. ಮಸಾಯಿ ವಸ್ತುಗಳು ಅದರೊಳಗೆ ಸಿಗುತ್ತವೆ. ಎಲ್ಸಾ ಎಂಬ ಸಿಂಹಿಣಿಯನ್ನು ಸಾಕಿ ಹೆಸರಾದ ಜಾಯ್ ಆಡಂಸನ್ ಬರೆದ ಕೀನ್ಯಾ ಜನರ ಚಿತ್ರಗಳೂ ಇವೆ. ಆಭರಣ ಯಾರು ಎಲ್ಲಿ ಹೇಗೆ ಧರಿಸುತ್ತಿದ್ದರು ಎಂಬುದು ಗಾಜಿನ ಪೆಟ್ಟಿಗೆಯಲ್ಲಿ ಒಂಟಿಯಾಗಿ ಮಲಗಿದ ಸರಕ್ಕಿಂತ ಆ ಚಿತ್ರಗಳಲ್ಲೇ ಚೆನ್ನಾಗಿ ತಿಳಿಯುತ್ತದೆ.

ಎರಡನೆಯದು ನಾರೋಕ್ ಪಟ್ಟಣದ ಮ್ಯೂಸಿಯಂ. ನೈರೋಬಿಯಿಂದ ಸುಮಾರು 140 ಕಿ.ಮೀ., ಮಸಾಯಿ ಮಾರಾ ಅಭಯಾರಣ್ಯದ ಹಾದಿಯಲ್ಲೇ. ಚಿಕ್ಕದು, ಸದ್ದುಗದ್ದಲವಿಲ್ಲ, ವಿಷಯವೆಲ್ಲ ಮಸಾಯಿ ಮತ್ತು ಅವರ ಮಾ ಭಾಷೆಯನ್ನೇ ಆಡುವ ಸಂಬುರು ಮುಂತಾದ ನೆಂಟ ಜನಾಂಗಗಳದ್ದು. ರಿವರ್ ರೋಡ್ ಆಸುಪಾಸಿನಿಂದ ಹೊರಡುವ 14 ಸೀಟಿನ ಮಟಾಟುಗಳಲ್ಲಿ ಮೂರು ಗಂಟೆ ಹಿಡಿಯುತ್ತದೆ, ಸಾವಿರ ಶಿಲ್ಲಿಂಗಿನೊಳಗೆ ಮುಗಿಯುತ್ತದೆ. ಬೆಳಿಗ್ಗೆ ಏಳಕ್ಕೆ ಹೊರಟರೆ ಅದೇ ದಿನ ವಾಪಸಾಗಬಹುದು.

ಟಾಂಜಾನಿಯಾಕ್ಕೆ ಹೋಗುವವರಿದ್ದರೆ ಆರುಶಾ ಊರಿನಿಂದ ಪಶ್ಚಿಮಕ್ಕೆ 25 ಕಿ.ಮೀ. ದೂರದ ಮೆಸೆರಾನಿ. ಅಲ್ಲಿ ಹಾವಿನ ಪಾರ್ಕಿನ ಆವರಣದಲ್ಲೇ ಮಸಾಯಿ ಸಾಂಸ್ಕೃತಿಕ ಮ್ಯೂಸಿಯಂ ಇದೆ. ಆಳೆತ್ತರದ ಗೊಂಬೆಗಳು, ಮಣ್ಣಿನ ಮನೆ, ದನದ ದೊಡ್ಡಿ ಎಲ್ಲ ಮಾಡಿಟ್ಟು, ಮಸಾಯಿ ಗೈಡ್ ಒಬ್ಬರು ಜೊತೆಗೆ ನಡೆದು ವಿವರಿಸುವ ಕ್ರಮ. ಕಟ್ಟಡದ ಅಂದಚಂದ ನೋಡಿದರೆ ನೈರೋಬಿಯದೇ ಮೇಲು. ಆದರೆ ಮಸಾಯಿ ಬದುಕೊಂದನ್ನೇ ಎರಡು ಗಂಟೆಯಲ್ಲಿ ಅರ್ಥ ಮಾಡಿಕೊಳ್ಳಬೇಕೆಂದರೆ ನಮ್ಮ ಓಟು ಮೆಸೆರಾನಿಗೆ. ಹೇಗೂ ಸಫಾರಿಗೆ ಹೋಗುವವರಿಗೂ ಒಂದು ಮಾತು: ಆರುಶಾದಿಂದ ಗೊರೊಂಗೊರೊ, ಸೆರೆಂಗೆಟಿಗೆ ಹೋಗುವ ಹೆದ್ದಾರಿ ಇದರ ಮುಂದೆಯೇ ಹಾದು ಹೋಗುತ್ತದೆ. ಬುಕಿಂಗ್ ಮಾಡುವಾಗಲೇ ‘ಮೆಸೆರಾನಿಯಲ್ಲಿ ಎರಡು ಗಂಟೆ’ ಎಂದು ಬರೆಸಿಕೊಳ್ಳಿ. ಹೊರಟ ಮೇಲೆ ಕೇಳಿದರೆ ಡ್ರೈವರ್ ಅಭಯಾರಣ್ಯದ ಗೇಟಿನ ಟೈಮು ತೋರಿಸಿ ನಿಲ್ಲಿಸುವುದಿಲ್ಲ, ಅವನದೂ ತಪ್ಪಲ್ಲ.

ಪ್ರಶ್ನೆ: ಆರುಶಾದಿಂದ ಮೆಸೆರಾನಿಗೆ ಟ್ಯಾಕ್ಸಿ ಬಿಟ್ಟು ಬೇರೆ ದಾರಿ ಇದೆಯೇ? ಒಬ್ಬಳೇ ಹೋಗುತ್ತಿದ್ದೇನೆ. — ಬೆಂಗಳೂರಿನ ಓದುಗರು

ಇದೆ. ಮಕುಯುನಿ, ಮ್ಟೊ ವಾ ಮ್ಬು, ಕರಾಟು ಕಡೆ ಹೋಗುವ ಯಾವ ಡಾಲಾ-ಡಾಲಾ (ಟಾಂಜಾನಿಯಾದ ಮಟಾಟು) ಅಥವಾ ಬಸ್ಸಾದರೂ ಆ ರಸ್ತೆಯಲ್ಲೇ ಹೋಗಬೇಕು. ನಿಮ್ಮ ಲಾಡ್ಜಿನಲ್ಲಿ ‘ಮಕುಯುನಿ ಗಾಡಿ ಎಲ್ಲಿಂದ’ ಎಂದು ಕೇಳಿ, ಸ್ಟ್ಯಾಂಡಿನ ಹೆಸರು ಬರೆಸಿಕೊಂಡು ಹೊರಡಿ. ಆರುಶಾ ಬೀದಿಗಳಲ್ಲಿ ಸಫಾರಿ ಮಾರುವ ದಲ್ಲಾಳಿಗಳು ಬೆನ್ನು ಹತ್ತುತ್ತಾರೆ, ಅವರನ್ನು ಅಲ್ಲಿ ‘ಫ್ಲೈಕ್ಯಾಚರ್’ ಅನ್ನುತ್ತಾರೆ. ‘ಆ ಗಾಡಿ ಇವತ್ತಿಲ್ಲ, ನನ್ನ ಕಾರಿದೆ’ ಎನ್ನುವುದು ಅವರ ಹಳೆಯ ವರಸೆ. ‘ಹಪಾನಾ, ಅಸಾಂಟೆ’ (ಬೇಡ, ಧನ್ಯವಾದ) ಅಂದು ನಡೆಯುತ್ತಲೇ ಇರಿ. ನಿಂತು ಮಾತಿಗಿಳಿದರೆ ಅರ್ಧ ಗಂಟೆ ಹೋಯಿತು.

ಡಾಲಾ-ಡಾಲಾಕ್ಕೆ ಟೈಂಟೇಬಲ್ ಇಲ್ಲ, ತುಂಬಿದಾಗ ಹೊರಡುತ್ತದೆ. ಹಾಗಾಗಿ ಖಾಲಿ ಗಾಡಿ ಬಿಟ್ಟು ಮುಕ್ಕಾಲು ತುಂಬಿದ್ದನ್ನು ಹತ್ತಿ. ಟಿಕೆಟು ಒಂದೆರಡು ಸಾವಿರ ಟಾಂಜಾನಿಯಾ ಶಿಲ್ಲಿಂಗ್ (ನೂರು ರೂಪಾಯಿಗೂ ಒಳಗೆ). ಹತ್ತುವಾಗ ಕೊಡಬೇಡಿ, ಗಾಡಿ ಹೊರಟ ಮೇಲೆ ಕಂಡಕ್ಟರ್ ಬಂದು ಕೇಳುತ್ತಾನೆ. ಪಕ್ಕದಲ್ಲಿ ಕೂತ ಹೆಂಗಸರು ಎಷ್ಟು ಕೊಡುತ್ತಾರೋ ನೋಡಿಕೊಂಡು ಅಷ್ಟೇ ಕೊಡಿ. ಹತ್ತು ಸಾವಿರದ ನೋಟು ಮುರಿಸಿಕೊಳ್ಳುವ ಜಾಗ ಇದಲ್ಲ, ಚಿಲ್ಲರೆ ಇಟ್ಟುಕೊಂಡಿರಿ. ಆರುಶಾದ ಸಣ್ಣ ವಿಮಾನ ನಿಲ್ದಾಣ ದಾಟಿ, ಕಿಸೊಂಗೊ ಎಂಬ ಊರು ದಾಟಿದ ಮೇಲೆ ಬಾಗಿಲ ಹತ್ತಿರ ಸರಿದುಕೊಂಡು ‘ಸ್ನೇಕ್ ಪಾರ್ಕ್, ಶುಶಾ!’ ಎನ್ನಿ. ‘ಶುಶಾ’ ಅಂದರೆ ಇಳಿಸಿ ಎಂದು. ಮ್ಯೂಸಿಯಂ ಎಂದರೆ ಕಂಡಕ್ಟರಿಗೆ ಹೊಳೆಯಲಿಕ್ಕಿಲ್ಲ, ಸ್ನೇಕ್ ಪಾರ್ಕ್ ಎಂದರೆ ಎಲ್ಲರಿಗೂ ಗೊತ್ತು.

ಇನ್ನು ಎಡವಟ್ಟಾಗುವುದು ಗಡಿಯಾರದಲ್ಲಿ. ಸ್ವಾಹಿಲಿಯಲ್ಲಿ ಗಂಟೆಯನ್ನು ಸೂರ್ಯೋದಯದಿಂದ ಎಣಿಸುತ್ತಾರೆ. ನಮ್ಮ ಬೆಳಗಿನ 7 ಅವರಿಗೆ ಒಂದನೇ ಗಂಟೆ, 9 ಅಂದರೆ ಮೂರನೇ ಗಂಟೆ, ಮಧ್ಯಾಹ್ನ 4 ಅಂದರೆ ಹತ್ತನೇ ಗಂಟೆ. ಯಾರಾದರೂ ಆ ಲೆಕ್ಕವನ್ನೇ ಇಂಗ್ಲಿಷಿಗೆ ತಂದು ‘ಬಸ್ಸು ಹತ್ತಕ್ಕೆ’ ಎಂದರೆ, ನೀವು ಬೆಳಿಗ್ಗೆ ಹತ್ತಕ್ಕೆ ಹೋಗಿ ನಿಲ್ಲುತ್ತೀರಿ, ಬಸ್ಸು ಬರುವುದು ಸಂಜೆ ನಾಲ್ಕಕ್ಕೆ. ಟೈಮು ಕೇಳಿದಾಗೆಲ್ಲ ವಾಚಿನ ಮುಳ್ಳು ತೋರಿಸಿ ಖಾತ್ರಿ ಮಾಡಿಕೊಳ್ಳಿ.

ವಾಪಸು ಬರುವುದಕ್ಕೆ ಹೆದ್ದಾರಿಯ ಎದುರು ಬದಿಯಲ್ಲಿ ನಿಂತು ಕೈ ಅಡ್ಡ ಹಿಡಿಯುವುದು. ಸಮಭಾಜಕಕ್ಕೆ ಹತ್ತಿರವಾದ್ದರಿಂದ ವರ್ಷವಿಡೀ ಸಂಜೆ ಆರೂವರೆ ಆಸುಪಾಸಿಗೆ ಹೊತ್ತು ಮುಳುಗಿ ತಟಕ್ಕನೆ ಕತ್ತಲಾಗುತ್ತದೆ. ಒಬ್ಬರೇ ಇದ್ದೀರಿ, ನಾಲ್ಕು ಗಂಟೆಗೆ ರಸ್ತೆಗೆ ಬಂದುಬಿಡಿ. ಬೆಳಿಗ್ಗೆ ಒಂಬತ್ತಕ್ಕೆ ಆರುಶಾ ಬಿಟ್ಟರೆ ಇದೆಲ್ಲ ಆರಾಮಾಗಿ ಆಗುತ್ತದೆ. ಟಿಕೆಟ್ ಕೌಂಟರಿನಲ್ಲಿ ಹಾವು, ಮ್ಯೂಸಿಯಂ, ಗೈಡ್ ಮೂರೂ ಸೇರಿದ ದರವೇ ಎಂದು ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: ‘ಮ್ಯೂಸಿಯಂ ಯಾಕೆ, ಅಸಲಿ ಮಸಾಯಿ ಹಳ್ಳಿಗೇ ಕರೆದುಕೊಂಡು ಹೋಗ್ತೀನಿ’ ಎಂದು ಏಜೆಂಟ್ ಹೇಳುತ್ತಾನೆ. ಅದೇ ಒಳ್ಳೆಯದಲ್ಲವೇ? — ಹುಬ್ಬಳ್ಳಿಯ ಓದುಗರು

ಕೇಳಲು ಚೆನ್ನಾಗಿದೆ. ಆದರೆ ರಸ್ತೆ ಬದಿಯ ‘ಬೋಮಾ ವಿಸಿಟ್’ (ಬೋಮಾ ಅಂದರೆ ಮಸಾಯಿ ಹಟ್ಟಿ) ಹೆಚ್ಚಾಗಿ ಒಂದೇ ಪಾಠದ ನಾಟಕ: ಹೆಂಗಸರು ಹಾಡುತ್ತಾ ಸ್ವಾಗತಿಸುತ್ತಾರೆ, ಹುಡುಗರು ಎಗರುವ ಕುಣಿತ ಮಾಡುತ್ತಾರೆ, ಕೋಲು ಉಜ್ಜಿ ಬೆಂಕಿ ಮಾಡಿ ತೋರಿಸುತ್ತಾರೆ, ಒಂದು ಮನೆಯೊಳಗೆ ಐದು ನಿಮಿಷ, ಆಮೇಲೆ ಅಂಗಡಿ ಸಾಲಿನಲ್ಲಿ ಒಂದು ಗಂಟೆ. ತಲೆಗೆ 20–30 ಡಾಲರ್ ಕೇಳುವುದು ಮಾಮೂಲು. ಅದರಲ್ಲಿ ಡ್ರೈವರಿಗೆ, ಏಜೆಂಟಿಗೆ ಹೋದ ಮೇಲೆ ಹಳ್ಳಿಗೆ ಉಳಿಯುವುದೆಷ್ಟು ಎಂಬುದು ಜಾಗದಿಂದ ಜಾಗಕ್ಕೆ ಬೇರೆ. ಪ್ರಶ್ನೆ ಕೇಳಲು ಬಿಡುವಿರುವುದಿಲ್ಲ, ಕೇಳಿದರೂ ಉತ್ತರ ಬಾಯಿಪಾಠದ್ದು. ಮೊದಲು ಮ್ಯೂಸಿಯಂ ನೋಡಿದವರಿಗೆ ಬೋಮಾದಲ್ಲಿ ಏನು ನೋಡಬೇಕೆಂಬುದಾದರೂ ಗೊತ್ತಿರುತ್ತದೆ. ಮ್ಯೂಸಿಯಂ ಬಿಟ್ಟು ನೇರ ಹೋದವರಿಗೆ ಫೋಟೊ ಮಾತ್ರ ಉಳಿಯುತ್ತದೆ.

ನಮ್ಮ ಸಲಹೆ ಇಷ್ಟು: ದುಡ್ಡು ಬಿಗಿ ಇದ್ದರೆ ಬೋಮಾ ಬಿಡಿ, ಮ್ಯೂಸಿಯಂನ ಗೈಡನ್ನು ಬಿಡಬೇಡಿ. ಉಳಿತಾಯವೆಂದು ಗೈಡ್ ಬೇಡವೆಂದು ಒಳಗೆ ಹೋದವರು ಹದಿನೈದು ನಿಮಿಷದಲ್ಲಿ ‘ನಾಲ್ಕು ಗೊಂಬೆ ಇದ್ದವು’ ಎಂದು ಹೊರಬರುತ್ತಾರೆ. ಅದೇ ಗೊಂಬೆಗಳ ಮುಂದೆ ಮಸಾಯಿಯೇ ಒಬ್ಬರು ನಿಂತು ತಮ್ಮ ಅಜ್ಜಿಯ ಮನೆಯ ವಿಷಯ ಹೇಳಿದರೆ ಒಂದೂವರೆ ಗಂಟೆಯೂ ಸಾಲದು. ಹಳ್ಳಿಗೇ ಹೋಗಬೇಕೆಂಬ ಹಟವಿದ್ದರೆ, ದರವನ್ನು ‘ತಲೆಗೆಷ್ಟು’ ಎನ್ನದೆ ‘ಗುಂಪಿಗೆಷ್ಟು’ ಎಂದು ಕೇಳಿ, ಕುಣಿತ ಬೇಡ, ಮಾತಾಡಲು ಒಬ್ಬ ಹಿರಿಯರು ಸಾಕು ಎನ್ನಿ.

ಪ್ರಶ್ನೆ: ಮ್ಯೂಸಿಯಂಗಳಲ್ಲಿ ನಮಗೆ ಅರ್ಧ ಗಂಟೆಗೇ ಬೇಸರವಾಗುತ್ತದೆ. ಮಸಾಯಿ ವಿಭಾಗದಲ್ಲಿ ನಿಂತು ನೋಡಲೇಬೇಕಾದ್ದು ಏನು? — ಶಿರಸಿಯ ಓದುಗರು

ಈಟಿ, ಗುರಾಣಿ, ಸಿಂಹದ ಕೇಸರದ ಕಿರೀಟ ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ನೀವು ಹುಡುಕಬೇಕಾದ್ದು ಚಿಕ್ಕ ವಸ್ತುಗಳನ್ನು.

ಮೊದಲು ಹಾಲಿನ ಸೋರೆಬುರುಡೆ. ಉದ್ದನೆಯದು, ತೊಗಲಿನ ಪಟ್ಟಿ, ಮುಚ್ಚಳದ ಸುತ್ತ ಮಣಿ ಅಥವಾ ಕವಡೆ. ಮುಚ್ಚಳ ತೆಗೆದಿಟ್ಟಿದ್ದರೆ ಒಳಗೆ ಇಣುಕಿ, ಗೋಡೆ ಕಪ್ಪಗಿರುತ್ತದೆ. ಕೊಳೆಯಲ್ಲ. ಕಾಡು ಆಲಿವ್ ಮರದ ಕೊಂಬೆಯನ್ನು ಕೆಂಡವಾಗುವಂತೆ ಸುಟ್ಟು, ಆ ತುದಿಯಿಂದಲೇ ಬುರುಡೆಯ ಒಳಗೋಡೆಯನ್ನು ಉಜ್ಜುತ್ತಾರೆ. ಆಮೇಲೆ ಉದ್ದ ಹಿಡಿಯ ಕುಂಚದಿಂದ ಬೂದಿ ಇದ್ದಿಲ ಪುಡಿ ತೆಗೆದು ಹಾಲು ತುಂಬುತ್ತಾರೆ. ನೀರು ಅಪರೂಪವಾದ ನಾಡಿನಲ್ಲಿ ಪಾತ್ರೆ ತೊಳೆಯುವ ಉಪಾಯ ಇದು. ಬೆಂಕಿಯ ಬಿಸಿಗೆ ಕ್ರಿಮಿ ಸಾಯುತ್ತದೆ, ಹಾಲು ಬೇಗ ಕೆಡುವುದಿಲ್ಲ, ಹೊಗೆಯ ರುಚಿಯೂ ಹತ್ತುತ್ತದೆ. ಆ ಕುಂಚವನ್ನೂ ಪಕ್ಕದಲ್ಲೇ ಇಟ್ಟಿದ್ದಾರೆಯೇ ನೋಡಿ. ಇಟ್ಟಿದ್ದರೆ ಆ ಮ್ಯೂಸಿಯಂನವರಿಗೆ ಮನೆಗೆಲಸ ಗೊತ್ತು ಎಂದರ್ಥ.

ಎರಡನೆಯದು ರಕ್ತ ತೆಗೆಯುವ ಬಾಣ. ಯುದ್ಧದ ಬಾಣದ ಪಕ್ಕದಲ್ಲಿ ಇಟ್ಟಿರುತ್ತಾರೆ, ಒಂದೇ ಥರ ಕಾಣುತ್ತದೆ. ತುದಿಯನ್ನು ಗಮನಿಸಿ: ಮೊನೆಯ ಹಿಂದೆ ತಡೆಯೊಂದು ಇರುತ್ತದೆ, ಬಾಣ ಸ್ವಲ್ಪವೇ ಒಳಹೋಗಿ ನಿಲ್ಲಲಿ ಎಂದು. ದನದ ಕುತ್ತಿಗೆಗೆ ತೊಗಲ ಪಟ್ಟಿ ಬಿಗಿದು ನರ ಉಬ್ಬಿಸಿ, ಹತ್ತಿರದಿಂದಲೇ ಹೊಡೆದು, ಬೇಕಾದಷ್ಟು ರಕ್ತವನ್ನು ಬುರುಡೆಗೆ ಹಿಡಿದು, ಪಟ್ಟಿ ಸಡಿಲಿಸಿ ಗಾಯ ಮುಚ್ಚುತ್ತಿದ್ದರು. ದನ ಸಾಯದು, ಮತ್ತೆ ಮೇಯಲು ಹೋಗುತ್ತದೆ. ಬರಗಾಲದಲ್ಲಿ, ಬಾಣಂತಿಗೆ, ಸುನ್ನತಿಯಾದ ಹುಡುಗನಿಗೆ ಹಾಲಿನ ಜೊತೆ ಅದೇ ಆಹಾರ. ಈಗ ಈ ಪದ್ಧತಿ ಬಹಳ ಕಮ್ಮಿ, ಮೆಕ್ಕೆಜೋಳದ ಹಿಟ್ಟು ಅದರ ಜಾಗಕ್ಕೆ ಬಂದಿದೆ. ನಮ್ಮಲ್ಲಿ ಕೆಲವರು ಇದನ್ನು ಕಂಡು ಮುಖ ಸಿಂಡರಿಸಿ ಮುಂದೆ ಹೋಗುತ್ತಾರೆ. ಇಡೀ ದನವನ್ನು ಕೊಲ್ಲದೆ ಹೊಟ್ಟೆ ತುಂಬಿಸಿಕೊಳ್ಳುವ ಲೆಕ್ಕಾಚಾರ ಆ ಸಣ್ಣ ತಡೆಯಲ್ಲಿದೆ ಎಂದು ತಿಳಿದರೆ ಇನ್ನೆರಡು ನಿಮಿಷ ನಿಲ್ಲುತ್ತಾರೆ.

ಮನೆಯ ಮಾದರಿ ಇದ್ದರೆ ಬಗ್ಗಿ ಒಳಗೆ ಹೋಗಿ. ಕಡ್ಡಿಯ ಚೌಕಟ್ಟಿಗೆ ಮಣ್ಣು, ಸಗಣಿ, ಗಂಜಲ ಕಲಸಿ ಮೆತ್ತಿದ ಈ ಮನೆ ಕಟ್ಟುವವರು ಹೆಂಗಸರು, ಮಳೆಯಲ್ಲಿ ಸೋರಿದರೆ ಮತ್ತೆ ಸಗಣಿ ಬಳಿಯುವವರೂ ಅವರೇ. ಬಾಗಿಲಿನಿಂದ ನೇರ ಒಳಕ್ಕೆ ದಾರಿಯಿಲ್ಲ, ಒಂದು ತಿರುವಿದೆ: ಗಾಳಿಗೂ ತಡೆ, ನುಗ್ಗುವವನಿಗೂ ತಡೆ. ಕಿಟಕಿ ಎಂದರೆ ಮುಷ್ಟಿಯಷ್ಟು ತೂತು. ಒಳಗೆ ಒಲೆಯ ಹೊಗೆ ಯಾಕೆ ಉಳಿಯಬೇಕು ಎಂದು ಗೈಡನ್ನು ಕೇಳಿ, ನೊಣ ಸೊಳ್ಳೆಯ ವಿಷಯ ಬರುತ್ತದೆ. ಹೊರಗೆ ಮುಳ್ಳುಬೇಲಿಯ ವೃತ್ತ, ರಾತ್ರಿ ದನಗಳೆಲ್ಲ ಅದರ ನಡುವೆ. ಗೇಟಿನ ಬಲಕ್ಕೆ ಮೊದಲ ಹೆಂಡತಿಯ ಮನೆ, ಎಡಕ್ಕೆ ಎರಡನೆಯವಳದು.

ಗಂಡುಮಕ್ಕಳ ವಯಸ್ಸಿನ ಮೆಟ್ಟಿಲುಗಳ ಬಗ್ಗೆ ಒಂದು ಗೋಡೆಯಾದರೂ ಇರುತ್ತದೆ. ಹುಡುಗರ ಬಳಗ ಕಟ್ಟುವ ಎಂಕಿಪಾಟಾ, ಮೊರಾನ್ ಎಂಬ ಯೋಧರನ್ನು ವಯಸ್ಕರಾಗುವತ್ತ ಸಾಗಿಸುವ ಎವುನೊಟೊ, ಯೋಧರ ಹಂತ ಮುಗಿಸಿ ಹಿರಿತನಕ್ಕೆ ಕಾಲಿಡುವ ಓಲ್‌ಂಗೆಶೆರ್ ಎಂಬ ಮೂರು ವಿಧಿಗಳನ್ನು ಯುನೆಸ್ಕೊ 2018ರಲ್ಲಿ ತುರ್ತಾಗಿ ಉಳಿಸಬೇಕಾದ ಪರಂಪರೆಯ ಪಟ್ಟಿಗೆ ಸೇರಿಸಿತು. ಎವುನೊಟೊದಲ್ಲಿ ಮೊರಾನನ ಉದ್ದ ಜಡೆಯನ್ನು ಅವನ ತಾಯಿಯೇ ಬೋಳಿಸುತ್ತಾಳೆ. ಒರಟು ಯೋಧನೂ ಆಗ ಅಳುವುದುಂಟು.

ಇನ್ನೊಂದು ಗಮನಿಸಬೇಕಾದ್ದು, ಗೋಡೆಯ ಮೇಲೆ ಏನು ಬರೆದಿಲ್ಲ ಎಂಬುದು. 1904 ಮತ್ತು 1911ರ ಒಪ್ಪಂದಗಳ ಹೆಸರಿನಲ್ಲಿ ಬ್ರಿಟಿಷರು ಮಸಾಯಿಗಳನ್ನು ಲೈಕಿಪಿಯಾದಂಥ ಹುಲುಸಾದ ಹುಲ್ಲುಗಾವಲಿನಿಂದ ಎಬ್ಬಿಸಿ ದಕ್ಷಿಣಕ್ಕೆ ಅಟ್ಟಿದರು. ಅದಕ್ಕೂ ಮುಂಚೆ 1890ರ ದಶಕದಲ್ಲಿ ದನಗಳ ದೊಡ್ಡರೋಗ, ಸಿಡುಬು, ಬರ ಒಟ್ಟಿಗೆ ಬಂದು ಅವರನ್ನು ಅರೆಜೀವ ಮಾಡಿದ್ದವು. ಟಾಂಜಾನಿಯಾ ಕಡೆ, 1959ರಲ್ಲಿ ಸೆರೆಂಗೆಟಿಯಿಂದ ಅವರನ್ನು ಗೊರೊಂಗೊರೊಗೆ ಕಳಿಸಲಾಯಿತು. ಸಿಂಹ ಬೇಟೆಯ ಈಟಿಯನ್ನು ಬಣ್ಣಿಸುವ ಫಲಕ ಇವನ್ನು ಹೇಳದಿದ್ದರೆ ಗೈಡನ್ನು ಕೇಳಿ. ಅಂದಹಾಗೆ ಕೀನ್ಯಾದಲ್ಲಿ ಸಿಂಹ ಬೇಟೆ ಈಗ ನಿಷಿದ್ಧ. ಅದರ ಬದಲು ಆಂಬೊಸೆಲಿ ಸುತ್ತಮುತ್ತ 2012ರಿಂದ ‘ಮಸಾಯಿ ಒಲಿಂಪಿಕ್ಸ್’ ನಡೆಸುತ್ತಿದ್ದಾರೆ, ಓಟ, ಎತ್ತರ ಜಿಗಿತ, ಈಟಿ ಮತ್ತು ಗದೆ ಎಸೆತ. 800 ಮೀಟರ್ ಓಟದಲ್ಲಿ 1 ನಿಮಿಷ 40.91 ಸೆಕೆಂಡಿನ ವಿಶ್ವ ದಾಖಲೆ ಮಾಡಿದ ಡೇವಿಡ್ ರುಡಿಶಾ ಮಸಾಯಿಯೇ.

ಪ್ರಶ್ನೆ: ಮಕ್ಕಳನ್ನು ಕರೆದೊಯ್ಯಬಹುದೇ? — ತುಮಕೂರಿನ ಓದುಗರು

ಧಾರಾಳವಾಗಿ. ಎರಡು ವಿಷಯ ಮೊದಲೇ ಯೋಚಿಸಿಕೊಳ್ಳಿ. ಸುನ್ನತಿಯ ವಿಚಾರ ಬಂದೇ ಬರುತ್ತದೆ, ಹೆಣ್ಣುಮಕ್ಕಳದ್ದೂ ಸೇರಿ. ಹೆಣ್ಣುಮಕ್ಕಳ ಮೇಲಿನ ಈ ಪದ್ಧತಿ ಎರಡೂ ದೇಶಗಳಲ್ಲಿ ಕಾನೂನುಬಾಹಿರ (ಟಾಂಜಾನಿಯಾದಲ್ಲಿ 1998ರಿಂದ, ಹದಿನೆಂಟರೊಳಗಿನವರಿಗೆ, ಕೀನ್ಯಾದಲ್ಲಿ 2011ರ ಕಾಯ್ದೆಯಿಂದ ಪೂರ್ತಿ). ಚಿಕ್ಕವರಿದ್ದರೆ ಆ ಭಾಗವನ್ನು ಚುಟುಕಾಗಿ ಮುಗಿಸಲು ಗೈಡಿಗೆ ಹೇಳಿ. ಎರಡನೆಯದು, ಮಸಾಯಿ ಮಕ್ಕಳು ಹಿರಿಯರ ಮುಂದೆ ತಲೆ ಬಗ್ಗಿಸಿ ಬಂದು ನಿಲ್ಲುತ್ತಾರೆ, ಹಿರಿಯರು ನೆತ್ತಿ ಮುಟ್ಟಬೇಕು. ನಿಮ್ಮ ಮುಂದೆ ಮಗುವೊಂದು ಹಾಗೆ ನಿಂತರೆ ಕೈಗೆ ಚಾಕೊಲೇಟು ಕೊಡಬೇಡಿ, ನೆತ್ತಿ ಮುಟ್ಟಿ.

ಪ್ರಶ್ನೆ: ಫೋಟೊಗೆ ದುಡ್ಡು ಕೇಳುತ್ತಾರಂತೆ, ನಿಜವೇ? — ಮಂಡ್ಯದ ಓದುಗರು

ಜನರ ಫೋಟೊ ತೆಗೆದರೆ ಕೇಳುತ್ತಾರೆ, ಕೇಳುವುದು ಸರಿಯೇ. ಮೊದಲು ಒಪ್ಪಿಗೆ, ಆಮೇಲೆ ದರ, ಆಮೇಲೆ ಕ್ಯಾಮೆರಾ. ಕ್ರಮ ತಪ್ಪಿದರೆ ಜಗಳ. ಗೊರೊಂಗೊರೊ ರಸ್ತೆ ಬದಿಯಲ್ಲಿ ಕಪ್ಪು ಬಟ್ಟೆ ತೊಟ್ಟು ಮುಖಕ್ಕೆ ಬಿಳಿ ಬಳಿದುಕೊಂಡು ನಿಲ್ಲುವ ಹುಡುಗರು ಹೊಸದಾಗಿ ಸುನ್ನತಿಯಾದವರು. ನಿಂತಿರುವುದೇ ಫೋಟೊ ಗಿರಾಕಿಗಳಿಗಾಗಿ. ಮ್ಯೂಸಿಯಂ ಒಳಗೆ ಫ್ಲ್ಯಾಷ್ ಬೇಡ. ಗಡಿ ಠಾಣೆ, ಪೊಲೀಸರು, ಸೇನೆಯವರ ಕಡೆ ಮೊಬೈಲ್ ಎತ್ತಲೇ ಬೇಡಿ.

ಪ್ರಶ್ನೆ: ಟಿಕೆಟಿಗೆ ಡಾಲರ್ ನಡೆಯುತ್ತದೆಯೇ, ಕಾರ್ಡೇ? — ಮೈಸೂರಿನ ಓದುಗರು

ಕೀನ್ಯಾದ ಸರ್ಕಾರಿ ಮ್ಯೂಸಿಯಂಗಳು ನಗದು ಬಿಟ್ಟು ಇ-ಸಿಟಿಜನ್ ಎಂಬ ಸರ್ಕಾರಿ ಪೋರ್ಟಲ್ ಮೂಲಕ ಹಣ ಕಟ್ಟಿಸಿಕೊಳ್ಳುತ್ತವೆ. ಅಲ್ಲಿನ ಜನ ಎಂ-ಪೆಸಾ ಎಂಬ ಮೊಬೈಲ್ ಪಾವತಿಯಲ್ಲಿ ಕಟ್ಟುತ್ತಾರೆ, ನೀವು ಅಂತರರಾಷ್ಟ್ರೀಯ ಬಳಕೆ ಆನ್ ಮಾಡಿದ ಕಾರ್ಡಿನಿಂದ. ಎಡವಟ್ಟು ಆಗುವುದು ಒಟಿಪಿಯಲ್ಲಿ: ಅದು ಬರುವುದು ನಿಮ್ಮ ಭಾರತದ ನಂಬರಿಗೆ, ರೋಮಿಂಗ್ ಇಲ್ಲದಿದ್ದರೆ ಗೇಟಿನಲ್ಲೇ ನಿಂತಿರಬೇಕು. ಹಿಂದಿನ ರಾತ್ರಿ ಲಾಡ್ಜಿನ ವೈಫೈಯಲ್ಲೇ ಕಟ್ಟಿ ರಸೀದಿ ಇಳಿಸಿಕೊಳ್ಳಿ. ನೈರೋಬಿ ಮ್ಯೂಸಿಯಂ ಟಿಕೆಟ್ ವಿದೇಶಿಯರಿಗೆ ಹಲವು ವರ್ಷ 1,200 ಶಿಲ್ಲಿಂಗ್ ಇತ್ತು, ಅಂದರೆ ಎಂಟುನೂರು ರೂಪಾಯಿ ಆಸುಪಾಸು. ಏರಿರಬಹುದೆಂದು ಇನ್ನಷ್ಟು ಹಿಡಿದಿಟ್ಟುಕೊಳ್ಳಿ. ಪಕ್ಕದ ಹಾವಿನ ಪಾರ್ಕೂ ಸೇರಿದ ಟಿಕೆಟ್ ತಳ್ಳಲು ನೋಡುತ್ತಾರೆ. ನಮ್ಮ ಪಶ್ಚಿಮ ಘಟ್ಟದವರಿಗೆ ಅದು ಬೇಕೇ ಬೇಕೆಂದಿಲ್ಲ.

ಟಾಂಜಾನಿಯಾದಲ್ಲಿ 2025ರ ನಿಯಮದ ಪ್ರಕಾರ ದೇಶದೊಳಗಿನ ಖರೀದಿಗೆ ಡಾಲರಿನಲ್ಲಿ ಬೆಲೆ ಹೇಳುವಂತಿಲ್ಲ, ಪಡೆಯುವಂತಿಲ್ಲ. ಶಿಲ್ಲಿಂಗ್ ಇಟ್ಟುಕೊಳ್ಳಿ. ಬದಲಾಯಿಸಲು ಒಯ್ಯುವ ಡಾಲರ್ ನೋಟುಗಳು ಹೊಸವಿರಲಿ: 2006ಕ್ಕಿಂತ ಹಿಂದಿನವು, ಮೂಲೆ ಹರಿದವು, ಗೀಚಿದವು ವಾಪಸಾಗುತ್ತವೆ. 100 ಮತ್ತು 50ರ ನೋಟಿಗೆ ಸಿಗುವ ದರ 10, 5ರ ನೋಟಿಗೆ ಸಿಗುವುದಿಲ್ಲ.

ಪ್ರಶ್ನೆ: ಮಣಿಸರ, ಈಟಿ, ಕೆಂಪು ಹೊದಿಕೆ ತರಬೇಕೆಂದಿದ್ದೇನೆ. ಮೋಸ ಹೋಗದಂತೆ ಕೊಳ್ಳುವುದು, ತರುವುದು ಹೇಗೆ? — ಬೆಳಗಾವಿಯ ಓದುಗರು

ಮ್ಯೂಸಿಯಂ ನೋಡಿದ ಮೇಲೆ ಕೊಳ್ಳಿ. ಹಳೆಯ ಕೆಲಸ ಹೇಗಿರುತ್ತದೆ ಎಂದು ಕಣ್ಣಿಗೆ ಗೊತ್ತಾಗಿರುತ್ತದೆ. ತಟ್ಟೆಯಂಥ ಅಗಲ ಕಂಠಹಾರದಲ್ಲಿ ಮಣಿಗಳನ್ನು ಸುತ್ತು ಸುತ್ತಾಗಿ ತಂತಿಗೆ ಪೋಣಿಸಿ, ನಡುನಡುವೆ ಅಡ್ಡಪಟ್ಟಿ ಹಾಕಿ ಸಾಲುಗಳನ್ನು ಹಿಡಿದಿರುತ್ತಾರೆ. ಹಿಂದೆ ಆ ಪಟ್ಟಿ ತೊಗಲಿನದು, ಈಗ ಪ್ಲಾಸ್ಟಿಕ್ಕೇ ಹೆಚ್ಚು; ಅದರಿಂದ ಕೆಲಸ ಕೀಳಲ್ಲ. ಸರವನ್ನು ಅಂಗೈ ಮೇಲೆ ಚಪ್ಪಟೆ ಇಟ್ಟು ನೋಡಿ, ಅಲೆಯಂತೆ ಏಳಬಾರದು. ತಂತಿಯ ಕೊನೆಗಳು ಮಣಿಯೊಳಕ್ಕೆ ಮಡಚಿರಬೇಕು, ಬೆರಳಿಗೆ ಚುಚ್ಚಿದರೆ ಕುತ್ತಿಗೆಗೂ ಚುಚ್ಚುತ್ತದೆ. ಗಾಜಿನ ಮಣಿ ಕೆನ್ನೆಗೆ ತಣ್ಣಗೆ ತಾಕುತ್ತದೆ, ಕೈಗೆ ಭಾರ. ಪ್ಲಾಸ್ಟಿಕ್ ಎರಡೂ ಅಲ್ಲ. ಆ ಗಾಜಿನ ಮಣಿಗಳು ಮೂಲತಃ ಯೂರೋಪಿನವು, ಒಳನಾಡಿಗೆ ಅವನ್ನು ಹೊತ್ತು ಮಾರಿದವರಲ್ಲಿ ಭಾರತೀಯ ಅಂಗಡಿಕಾರರೂ ಇದ್ದರು.

ನೈರೋಬಿಯ ‘ಮಸಾಯಿ ಮಾರ್ಕೆಟ್’ ವಾರದ ದಿನಕ್ಕೊಂದು ಜಾಗದಲ್ಲಿ ನೆರೆಯುವ ಸಂತೆ. ಅಲ್ಲಿ ನಗುಮೊಗದ ಹುಡುಗನೊಬ್ಬ ಚೀಲ ಹಿಡಿದು ‘ನಿಮಗೆ ಬೇಕಾದ್ದನ್ನೆಲ್ಲ ಇದಕ್ಕೆ ಹಾಕುತ್ತಾ ಬನ್ನಿ, ಕೊನೆಗೆ ಒಟ್ಟಿಗೆ ರೇಟು ಮಾತಾಡೋಣ’ ಅನ್ನುತ್ತಾನೆ. ಅವನು ಅಂಗಡಿಯವನಲ್ಲ, ದಲ್ಲಾಳಿ. ಪ್ರತಿ ವಸ್ತುವಿನ ಮೇಲೂ ಅವನ ಪಾಲು ಕೂರುತ್ತದೆ. ನೇರ ಕೂತ ಹೆಂಗಸಿನ ಹತ್ತಿರ ‘ಬೇಯಿ ಗಾನಿ?’ (ಬೆಲೆ ಎಷ್ಟು) ಎಂದು ಕೇಳಿ, ಒಂದೊಂದೇ ಕೊಳ್ಳಿ. ಮೊದಲು ಹೇಳಿದ್ದರ ಮೂರನೇ ಒಂದರಿಂದ ಚೌಕಾಸಿ ಶುರು ಮಾಡಿ ಅರ್ಧಕ್ಕೆ ನಿಂತರೆ ಇಬ್ಬರಿಗೂ ಸಮಾಧಾನ. ಬಳೆಯೊಂದಕ್ಕೆ ಹತ್ತು ರೂಪಾಯಿ ಇಳಿಸಲು ಕಾಲು ಗಂಟೆ ಕಾದಾಡುವುದು ಜಾಣತನವಲ್ಲ.

ಈಟಿ ಅಲಗು, ಮರದ ಹಿಡಿ, ಹಿಂತುದಿಯ ಕಬ್ಬಿಣ ಎಂದು ಮೂರು ತುಂಡಾಗಿ ಬಿಚ್ಚುವಂಥದ್ದನ್ನೇ ಕೊಳ್ಳಿ. ಅದೂ, ರುಂಗು ಎಂಬ ಗುಂಡುತಲೆಯ ಗದೆಯೂ ಚೆಕ್-ಇನ್ ಲಗೇಜಿಗೇ ಹೋಗಬೇಕು; ಕೈಚೀಲದಲ್ಲಿ ಇಟ್ಟರೆ ವಿಮಾನ ನಿಲ್ದಾಣದಲ್ಲಿ ಬಿಟ್ಟು ಬರುತ್ತೀರಿ. ತೊಗಲಿನ ಗುರಾಣಿ, ಉಷ್ಟ್ರಪಕ್ಷಿಯ ಗರಿ, ಕೊಂಬು, ಹಲ್ಲು, ದಂತದ ಯಾವ ಚೂರನ್ನೂ ಮುಟ್ಟಬೇಡಿ. ಮಾರುವವನು ಕೊಡುವ ಚೀಟಿ ನಮ್ಮ ಕಸ್ಟಮ್ಸ್‌ನಲ್ಲಿ ನಡೆಯದು. ಶುಕಾ ಎಂಬ ಕೆಂಪು ಚೌಕುಳಿ ಹೊದಿಕೆ ಪೇಟೆಯ ಸಾದಾ ಬಟ್ಟೆ ಅಂಗಡಿಯಲ್ಲಿ ಅಗ್ಗ. ಮಸಾಯಿಗಳೂ ಅಲ್ಲೇ ಕೊಳ್ಳುವುದು.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಪುಳಿಯೋಗರೆ ಪುಡಿ, ಅವಲಕ್ಕಿ ಒಯ್ಯಬಹುದೇ? — ಉಡುಪಿಯ ಓದುಗರು

ಪುಡಿ ಸರಿ, ಕ್ಯಾರಿಬ್ಯಾಗ್ ಸರಿಯಲ್ಲ. ಪ್ಲಾಸ್ಟಿಕ್ ಕೈಚೀಲಗಳನ್ನು ಕೀನ್ಯಾ 2017ರಲ್ಲಿ, ಟಾಂಜಾನಿಯಾ 2019ರಲ್ಲಿ ನಿಷೇಧಿಸಿವೆ, ಗಡಿಯಲ್ಲೇ ಕಸಿದುಕೊಳ್ಳುತ್ತಾರೆ. ಬಟ್ಟೆ ಚೀಲ, ಡಬ್ಬಿ ಬಳಸಿ. ಊಟದ ಚಿಂತೆ ಬೇಡ: ಬೀದಿ ಹೋಟೆಲಿನಲ್ಲಿ ಚಪಾತಿ, ಮಹರಾಗೆ (ರಾಜ್ಮಾದಂಥ ಕಾಳಿನ ಸಾರು), ಸುಕುಮಾ ಎಂಬ ಸೊಪ್ಪಿನ ಪಲ್ಯ ಎಲ್ಲೆಲ್ಲೂ ಸಿಗುತ್ತವೆ. ಉಗಾಲಿ ನಮ್ಮ ಮುದ್ದೆಯ ಅಣ್ಣನಂತಿದೆ, ಬಿಳಿ ಮೆಕ್ಕೆಜೋಳದ ಹಿಟ್ಟಿನದು. ಸಾರಿನಲ್ಲಿ ಮಾಂಸದ ನೀರು ಬೆರೆಸಿರುವುದುಂಟು. ‘ಬಿಲಾ ನ್ಯಾಮಾ’ (ಮಾಂಸವಿಲ್ಲದೆ) ಎಂದು ಮೊದಲೇ ಹೇಳಿ. ಮೆಸೆರಾನಿಯಂಥ ಹೆದ್ದಾರಿ ಜಾಗಕ್ಕೆ ಹೋಗುವ ದಿನ ಆರುಶಾದಿಂದಲೇ ಚಪಾತಿ, ಬಾಳೆಹಣ್ಣು ಕಟ್ಟಿಕೊಳ್ಳಿ.

ಪ್ರಶ್ನೆ: ಹಳದಿ ಜ್ವರದ ಲಸಿಕೆ ಕಡ್ಡಾಯವೇ? — ಕಲಬುರಗಿಯ ಓದುಗರು

ಕೀನ್ಯಾಕ್ಕೆ ಹೋಗುವುದಾದರೆ ಹಾಕಿಸಿಕೊಂಡೇ ಹೊರಡಿ. ಹೋಗುವಾಗ ಯಾರೂ ಕೇಳದಿದ್ದರೂ, ಕೀನ್ಯಾದಿಂದ ನಮಂಗಾ ಗಡಿ ದಾಟಿ ಟಾಂಜಾನಿಯಾಕ್ಕೆ ಹೋಗುವಾಗ ಕೇಳುತ್ತಾರೆ, ಭಾರತಕ್ಕೆ ಮರಳುವಾಗಲೂ ಕೇಳುತ್ತಾರೆ. ಹಳದಿ ಕಾರ್ಡಿಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಚುಚ್ಚಿಸಿಕೊಂಡ ಹತ್ತು ದಿನದ ಮೇಲಷ್ಟೇ ಕಾರ್ಡಿಗೆ ಬೆಲೆ, ಆಮೇಲೆ ಜೀವನವಿಡೀ ನಡೆಯುತ್ತದೆ. ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ ಹಾಕಿಸಿ, ಕಾರ್ಡಿನಲ್ಲಿ ಪಾಸ್‌ಪೋರ್ಟ್ ನಂಬರ್ ಸರಿ ಇದೆಯೇ ಅಲ್ಲೇ ನೋಡಿ.

ಪ್ರಶ್ನೆ: ಇಂಗ್ಲೆಂಡಿನಲ್ಲಿದ್ದೇವೆ. ಆಫ್ರಿಕಕ್ಕೆ ಹೋಗುವಷ್ಟು ದುಡ್ಡಿಲ್ಲ. ಇಲ್ಲೇ ನೋಡಬಹುದಾದ್ದು ಇದೆಯೇ? — ರೆಡಿಂಗ್‌ನ ಕನ್ನಡಿಗರು

ನಿಮ್ಮಿಂದ ಆಕ್ಸ್‌ಫರ್ಡ್ ರೈಲಿನಲ್ಲಿ ಅರ್ಧ ಗಂಟೆ. ಅಲ್ಲಿನ ಪಿಟ್ ರಿವರ್ಸ್ ಮ್ಯೂಸಿಯಂಗೆ ಪ್ರವೇಶ ಉಚಿತ, 1884ರಲ್ಲಿ ಶುರುವಾದದ್ದು. ಪ್ರದರ್ಶನ ದೇಶವಾರು ಅಲ್ಲ, ವಸ್ತುವಾರು: ಆಭರಣವೆಲ್ಲ ಒಂದೆಡೆ, ಆಯುಧವೆಲ್ಲ ಒಂದೆಡೆ. ಹೀಗಾಗಿ ಮಸಾಯಿ ವಸ್ತುಗಳನ್ನು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹುಡುಕಬೇಕು; ಒಳಗೆ ಬೆಳಕೂ ಮಂದ. ಹೋಗುವ ಮುನ್ನ ಅವರ ಆನ್‌ಲೈನ್ ಸಂಗ್ರಹದಲ್ಲಿ ಹುಡುಕಿ, ಪ್ರದರ್ಶನದಲ್ಲಿರುವುದು ಯಾವುದು, ಗೋದಾಮಿನಲ್ಲಿರುವುದು ಯಾವುದು ನೋಡಿಕೊಳ್ಳಿ.

2017ರಲ್ಲಿ ಮಸಾಯಿ ಪ್ರತಿನಿಧಿಯೊಬ್ಬರು ಅಲ್ಲಿಗೆ ಬಂದಾಗ ಇಲ್ಲಿರಲೇಬಾರದ ವಸ್ತುಗಳನ್ನು ಕಂಡರು. ಅವುಗಳಲ್ಲಿ ಓರ್ಕಟಾರ್ ಎಂಬ ಕೈಬಳೆ ತಂದೆಯಿಂದ ಮಗನಿಗೆ ಸಲ್ಲುವಂಥದ್ದು, ಮಾರುವುದು ಕೊಡುವುದು ಎಂದಿಲ್ಲ. ಹಾಗಾದರೆ ಅದು ಮ್ಯೂಸಿಯಂ ಸೇರಿದ್ದು ಹೇಗೆ ಎಂಬ ಪ್ರಶ್ನೆ ಎದ್ದಿತು. ಮುಂದೆ ಮಸಾಯಿ ಹಿರಿಯರೂ ಮ್ಯೂಸಿಯಂನವರೂ ಕೂತು ಮಾತಾಡಿ, 2023ರಲ್ಲಿ ಮ್ಯೂಸಿಯಂನವರೇ ಕೀನ್ಯಾ, ಟಾಂಜಾನಿಯಾಗೆ ಹೋಗಿ ಸಂಬಂಧಪಟ್ಟ ಕುಟುಂಬಗಳ ಜೊತೆ ರಾಜಿಯ ವಿಧಿಯಲ್ಲಿ ಭಾಗವಹಿಸಿದರು, ದನಗಳನ್ನು ಕೊಟ್ಟರು. ಗಾಜಿನ ಮುಂದೆ ನಿಂತಾಗ ಚೀಟಿಯಲ್ಲಿ ‘ಸಂಗ್ರಹಿಸಿದವರು’ ಎಂಬ ಸಾಲನ್ನೂ ಓದಿ. ವಸಾಹತು ಅಧಿಕಾರಿಯ ಹೆಸರಿದ್ದರೆ ಇಸವಿಯನ್ನೂ ನೋಡಿ.

ಪ್ರಶ್ನೆ: ಗೈಡಿಗೆ ಎಷ್ಟು ಕೊಡಬೇಕು? — ಹಾಸನದ ಓದುಗರು

ಟಿಕೆಟ್ಟಿನಲ್ಲಿ ಗೈಡ್ ಸೇರಿದ್ದರೂ ಕೈಗೆ ಬೇರೆ ಕೊಡುವುದು ರೂಢಿ. ಮೆಸೆರಾನಿಯಲ್ಲಿ ಇಬ್ಬರು ಮೂವರ ಗುಂಪಿಗೆ ಒಟ್ಟು ಐದರಿಂದ ಹತ್ತು ಸಾವಿರ ಟಾಂಜಾನಿಯಾ ಶಿಲ್ಲಿಂಗ್ ಸಾಕು, ಅಂದರೆ ನೂರೆಪ್ಪತ್ತರಿಂದ ಮುನ್ನೂರೈವತ್ತು ರೂಪಾಯಿ. ಕೌಂಟರಿನಲ್ಲಿ ಕೊಡಬೇಡಿ, ಅವರ ಕೈಗೇ ಕೊಡಿ. ‘ಆಶೆ ಓಲೆಂಗ್’ ಎಂದರೆ ಮಾ ಭಾಷೆಯಲ್ಲಿ ತುಂಬಾ ಧನ್ಯವಾದ.